ಅತ್ತವರು ಕೈ ಎತ್ತಿ ಎಂದಿರಿ, ನನ್ನ ಅಕ್ಕ ಎತ್ತಿದಳು

‘ನಗುವ ತಾಯಿ’ ಅಭಿಯಾನದ ಮುಖ್ಯ ಅಧಿಕಾರಿಗಳೇ,

ನನ್ನ ಅಕ್ಕ ವೆರೊನಿಕಾ ಹತ್ತೊಂಬತ್ತು ದಿನಗಳಿಂದ ತನ್ನ ಮಗುವನ್ನು ಮುಟ್ಟಿಲ್ಲ. ಮಗುವಿಗೆ ನಾಲ್ಕು ತಿಂಗಳು. ಹಾಲನ್ನು ಹಿಂಡಿ ಬಟ್ಟಲಿನಲ್ಲಿ ಕೊಡುತ್ತಾಳೆ, ಚಮಚದಲ್ಲಿ ಕುಡಿಸುವುದು ನಮ್ಮ ಅಮ್ಮ. ಇದಕ್ಕೆ ಕಾರಣ ನಿಮ್ಮ ಅಭಿಯಾನ. ನಿಮ್ಮ ಕಚೇರಿಗೆ ಮೂರು ಸಲ ಬಂದು ಹೇಳಿದೆ. ಮೂರು ಸಲವೂ ‘ಅರ್ಜಿ ಬರೆದಿಟ್ಟು ಹೋಗಿ’ ಎಂದರು. ಅದಕ್ಕೇ ಈಗ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ.

ಉದ್ಯಾವರದ ನಮ್ಮ ವಠಾರದ ತಾಯಂದಿರ ಸಭೆಗೆ ನೀವೇ ಬಂದಿದ್ದಿರಿ. ಗೋಡೆಯಲ್ಲಿ ಫ್ಲೆಕ್ಸ್ ಇತ್ತು: ಒಬ್ಬ ಹೆಂಗಸಿನ ಕಣ್ಣೀರು ಅವಳ ಹೊಟ್ಟೆಯೊಳಗಿನ ಮಗುವಿನ ಮೇಲೆ ತೊಟ್ಟಿಕ್ಕುವ ಚಿತ್ರ. ಕೆಳಗೆ, ‘ತಾಯಿಯ ಪ್ರತಿ ಹನಿ ಕಣ್ಣೀರೂ ಮಗುವಿನ ಜೀನಿನ ಮೇಲೆ ಗುರುತು ಬಿಡುತ್ತದೆ.’ ಆಮೇಲೆ ನೀವು ಮೈಕ್ ಹಿಡಿದು, “ಗರ್ಭಿಣಿಯಾಗಿದ್ದಾಗ ಅತ್ತವರು ಕೈ ಎತ್ತಿ” ಎಂದಿರಿ. ಎಂಥ ಪರೀಕ್ಷೆ ಸ್ವಾಮೀ! ರಕ್ತ ಬೇಡ, ಪ್ರಯೋಗಾಲಯ ಬೇಡ, ಕೈ ಎತ್ತಿದರೆ ಸಾಕು, ಜೀನಿನ ವರದಿ ತಯಾರು.

ಇಪ್ಪತ್ತೆರಡು ತಾಯಂದಿರಲ್ಲಿ ಕೈ ಎತ್ತಿದ್ದು ನನ್ನ ಅಕ್ಕ ಒಬ್ಬಳೇ. ಅವಳಿಗೆ ಏಳು ತಿಂಗಳಾಗಿದ್ದಾಗ ನಮ್ಮ ಅಪ್ಪ ತೀರಿಕೊಂಡರು. ಅತ್ತಿದ್ದಳು. ಕೇಳಿದಾಗ ಹೌದು ಎಂದಳು. ಪಕ್ಕದಲ್ಲಿದ್ದ ನೆರೆಮನೆಯ ಮೋಹಿನಿ ಅವಳ ಸೀರೆ ಎಳೆದು, “ಕೈ ಕೆಳಗೆ ಹಾಕು ಮಾರಾಯ್ತಿ. ನಾನೂ ಸಾ ಅತ್ತಿದ್ದೇನೆ, ಅದನ್ನೆಲ್ಲ ಇವರತ್ರ ಹೇಳ್ಲಿಕ್ಕುಂಟಾ?” ಎಂದಳಂತೆ. ಅಷ್ಟರಲ್ಲಿ ನೀವು ಅಕ್ಕನ ಬಳಿ ಬಂದಾಗಿತ್ತು. ಮಗುವಿನ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಅಂಟಿಸಿ, ‘ವಿಶೇಷ ನಿಗಾ’ ಎಂದು ಬರೆದು, ಸೀಲ್ ಒತ್ತಿ, “ಇನ್ನಾದರೂ ನಗುತ್ತಾ ಇರಮ್ಮ” ಎಂದು ಫೋಟೊ ತೆಗೆಸಿಕೊಂಡಿರಿ. ಆ ಫೋಟೊದಲ್ಲಿ ನಗುತ್ತಿರುವುದು ನೀವೊಬ್ಬರೇ.

ಹೆರಿಗೆಯಾದಾಗಿನಿಂದ ಅವಳಿಗೆ ನಿದ್ದೆಯಿರಲಿಲ್ಲ, ಊಟ ಸೇರುತ್ತಿರಲಿಲ್ಲ, ಸುಮ್ಮನೆ ಕೂತಲ್ಲೇ ಅಳು ಬರುತ್ತಿತ್ತು. ಆದರೂ ಮಗುವನ್ನು ಮಾತ್ರ ಎದೆಯಿಂದ ಇಳಿಸುತ್ತಿರಲಿಲ್ಲ. ಸಭೆಯಿಂದ ಬಂದವಳು ಅದನ್ನು ಅಮ್ಮನ ಮಡಿಲಲ್ಲಿ ಮಲಗಿಸಿ ಹೇಳಿದಳು: “ಇನ್ನು ನೀವೇ ನೋಡಿಕೊಳ್ಳಿ ಅಮ್ಮ. ನನ್ನ ಬೇಸರ ಇವನಿಗೆ ತಾಗುವುದು ಬೇಡ.”

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ಫ್ಲೆಕ್ಸಿನ ವಾಕ್ಯ ನನ್ನದು. ನಾನು ಕಾರ್ಕಳದಲ್ಲಿ ಬಿಎಸ್ಸಿ ಎರಡನೇ ವರ್ಷದಲ್ಲಿದ್ದೇನೆ. ಎಪಿಜೆನೆಟಿಕ್ಸ್, ಅಂದರೆ ಬದುಕಿನ ಅನುಭವ ಜೀನುಗಳ ಕೆಲಸವನ್ನು ಹೇಗೆ ಏರಿಳಿಸುತ್ತದೆ ಎಂದು ನೋಡುವ ವಿಜ್ಞಾನ, ನನಗೆ ಹುಚ್ಚು. ಕ್ರಿಕೆಟ್ಟಿಗೆ ಅಭಿಮಾನಿಗಳಿರುವ ಹಾಗೆ ಇದಕ್ಕೂ ಇದ್ದೇವೆ, ಟೆಲಿಗ್ರಾಮಿನಲ್ಲಿ ಮುನ್ನೂರು ಜನ. ಅಲ್ಲಿ ಹದಿನಾಲ್ಕು ಮೆಸೇಜುಗಳ ಒಂದು ಥ್ರೆಡ್ ಬರೆದಿದ್ದೆ. ಜನ ನಿಂತು ಓದಲಿ ಎಂದು ಮೊದಲ ಮೆಸೇಜಿಗೆ ಸ್ವಲ್ಪ ಮಸಾಲೆ ಹಾಕಿದ್ದೆ. ಯಾರೋ ಅದೊಂದನ್ನೇ ಸ್ಕ್ರೀನ್‌ಶಾಟ್ ತೆಗೆದು ಹಂಚಿದರು, ಅದು ಗುಂಪಿನಿಂದ ಗುಂಪಿಗೆ ಹಾರಿ ನಿಮ್ಮ ಗೋಡೆಗೆ ಬಂತು. ನಾನು ಫೋನಿನಲ್ಲಿ ಬರೆದು ಲೈಕ್ ಎಣಿಸಿದವಳು, ಒಪ್ಪಿದೆ. ನಿಮಗೇನಾಗಿತ್ತು? ನಿಮಗೆ ಸಲಹಾ ಸಮಿತಿ ಉಂಟು. ಮಣಿಪಾಲದಲ್ಲಿ ಚಹಾ ಕುಡಿಯಲು ನಿಂತರೂ ಹಿಂದೆ ಮುಂದೆ ಡಾಕ್ಟರುಗಳೇ. ಒಬ್ಬರನ್ನಾದರೂ ಕೇಳಬಹುದಿತ್ತಲ್ಲ?

ಕೇಳಿದ್ದರೆ ಉಳಿದ ಹದಿಮೂರು ಮೆಸೇಜುಗಳಲ್ಲಿ ಇದ್ದದ್ದನ್ನೇ ಹೇಳುತ್ತಿದ್ದರು. ಜೀನ್ ಬದಲಾಗುವುದಿಲ್ಲ, ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಎಂದು ಹೇಳುವ ರಾಸಾಯನಿಕ ಗುರುತುಗಳು ಬದಲಾಗಬಹುದು. ಮನುಷ್ಯರಲ್ಲಿ ಈವರೆಗೆ ಕಂಡಿರುವುದು ಬಹುಪಾಲು ಸಂಬಂಧ ಮಾತ್ರ, ಇದರಿಂದಲೇ ಇದಾಯಿತು ಎಂಬ ತೀರ್ಪಲ್ಲ. ಒಂದು ಮಗುವನ್ನು ತೋರಿಸಿ ಇದು ಹೀಗೇ ಆಗುತ್ತದೆ ಎಂದು ಯಾವ ವಿಜ್ಞಾನಿಯೂ ಹೇಳಲಾರ, ಸ್ಟಿಕ್ಕರ್ ಅಂತೂ ಹೇಳಲಾರದು. ಇಲಿಗಳಲ್ಲಿ ನೋಡಿದ್ದಾರೆ: ತಾಯಿ ಚೆನ್ನಾಗಿ ನೆಕ್ಕಿ ಸಾಕಿದ ಮರಿಗಳು ಮುಂದೆ ಕಡಿಮೆ ಬೆದರುತ್ತವೆ. ಅಷ್ಟಾಗಿ ನೆಕ್ಕದ ತಾಯಿಯ ಮರಿಯನ್ನು ಹುಟ್ಟಿದೊಡನೆ ಚೆನ್ನಾಗಿ ನೆಕ್ಕುವ ತಾಯಿಯ ಬಳಿ ಬಿಟ್ಟರೆ ಅದೂ ಹಾಗೆಯೇ ಬೆಳೆಯುತ್ತದೆ. ಅಂದರೆ ಕೈಯ ಬಿಸಿಗೆ ಅಷ್ಟು ಬೆಲೆ. ಮಗುವಿನ ಬೆಳವಣಿಗೆಯ ಹೆಸರಿನಲ್ಲಿ ನೀವು ಆ ಮಗುವಿಂದ ಕಿತ್ತುಕೊಂಡದ್ದು ಅದನ್ನೇ.

ಅಕ್ಕನಿಗೆ ಬಂದದ್ದು ಹೆರಿಗೆಯ ನಂತರದ ಖಿನ್ನತೆ, ಚಿಕಿತ್ಸೆ ಇರುವ ಕಾಯಿಲೆ. ನಿಮ್ಮ ಅಭಿಯಾನದಲ್ಲಿ ಆಪ್ತಸಮಾಲೋಚಕರು ಯಾರು ಎಂದು ಕೇಳಿದರೆ ನಿಮ್ಮ ಗುಮಾಸ್ತರು, “ಆ ಹುದ್ದೆ ಖಾಲಿ ಉಂಟಮ್ಮ, ಫ್ಲೆಕ್ಸ್ ಬೇಕಾದರೆ ಇನ್ನೂ ಎರಡು ಉಂಟು” ಎಂದರು. ಕಡೆಗೆ ನಾವೇ ಅಕ್ಕನನ್ನು ಡಾಕ್ಟರರ ಬಳಿ ಕರೆದುಕೊಂಡು ಹೋಗಿದ್ದೇವೆ. ಔಷಧಿ ಶುರುವಾಗಿದೆ, ನಿದ್ದೆ ಬರುತ್ತಿದೆ. ಕೈ ಮಾತ್ರ ಮುಂದೆ ಬರುತ್ತಿಲ್ಲ.

ನಿನ್ನೆ ಬೆಳಿಗ್ಗೆ ಮಗುವನ್ನು ಮೀಯಿಸಲು ಬರುವ ಬೆನೆಡಿಕ್ಟಾ ಬಾಯಿ ಬೇಕೆಂದೇ ಕೂಗಿದರು: “ವೆರೊನಿಕಾ, ತಲೆ ಹಿಡಿ ಬಾ. ನನಗೆ ಎಂತ ನಾಲ್ಕು ಕೈ ಉಂಟಾ? ಕಣ್ಣಿಗೆ ನೀರು ಹೋಗ್ತದೆ!” ಅಕ್ಕ ಬಚ್ಚಲ ಬಾಗಿಲಿನವರೆಗೆ ಬಂದಳು. ಕೈ ಚಾಚಿದಳು, ತಡೆದಳು, ನನ್ನ ಕಡೆ ತಿರುಗಿದಳು.

“ಐರಿನ್, ಮುಟ್ಟಿದರೆ ಎಂತದೂ ಆಗುವುದಿಲ್ಲ ಅಲ್ವಾ?”

“ಎಂತ ಸಾ ಆಗುವುದಿಲ್ಲ. ಒಳ್ಳೆಯದೇ ಆಗುವುದು. ಡಾಕ್ಟರ್ ಕೂಡ ಹೇಳಿದರಲ್ಲ?”

“ನೀವೆಲ್ಲ ಬಾಯಲ್ಲಿ ಹೇಳುವುದು. ಕಾರ್ಡಿನಲ್ಲಿ ಸೀಲ್ ಉಂಟು.”

ಕೈ ಹಿಂದೆ ಹೋಯಿತು.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಕ್ಷಮೆ ಬೇಡ, ಸಭೆ ಬೇಡ. ಫ್ಲೆಕ್ಸುಗಳನ್ನು ಇಳಿಸಿ, ಖಾಲಿ ಹುದ್ದೆ ತುಂಬಿ. ಅದಕ್ಕೆಲ್ಲ ಸಮಯ ಹಿಡಿಯುತ್ತದೆ ಎಂದು ಗೊತ್ತು. ಇಂದೇ ಮಾಡಬಹುದಾದದ್ದು ಒಂದಿದೆ. ನಿಮ್ಮ ಕಚೇರಿಯ ಕಾಗದದಲ್ಲಿ ಎರಡು ಸಾಲು ಬರೆಯಿರಿ: ‘ವೆರೊನಿಕಾ ಅವರ ಅಳುವಿನಿಂದ ಮಗು ಕೆಟ್ಟಿದೆ ಎನ್ನಲು ನಮ್ಮಲ್ಲಿ ಆಧಾರವಿಲ್ಲ. ಅವರು ತಮ್ಮ ಮಗುವನ್ನು ಎತ್ತಿಕೊಳ್ಳಬೇಕು.’ ಸಹಿ ಹಾಕಿ. ಸೀಲ್ ಒತ್ತಿ. ಮಸುಕಾಗದ ಹಾಗೆ, ಗಟ್ಟಿಯಾಗಿ ಒತ್ತಿ.

ಇಂತಿ,
ಹದಿಮೂರು ಮೆಸೇಜು ಸರಿಯಾಗಿ ಬರೆದೂ ಅಕ್ಕನನ್ನು ಒಪ್ಪಿಸಲಾಗದವಳು
ಐರಿನ್, ಉದ್ಯಾವರ