ಕೆಂಚನ ಜೊತೆ ಪಬ್ಬಿಗೆ ಹೋದದ್ದು

ಅಕ್ಕನ ಮಗಳೇ,

ಹಾಗಂತ ಆ ಬಾಗಿಲು ಕಾಯುವವನದೂ ತಪ್ಪಿಲ್ಲ ಅನ್ನು. ನಾಯಿಯನ್ನು ಒಳಗೆ ಬಿಡಲಿಲ್ಲ ಅಂತ ನಿನ್ನೆಯ ಕಾಗದದಲ್ಲಿ ಅವನನ್ನು ಬೈದುಬಿಟ್ಟೆನಲ್ಲ, ಆಮೇಲೆ ಯೋಚಿಸಿದೆ. ಧೋತರ, ತಲೆಗೆ ಟವೆಲು, ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ನಿನ್ನ ಕೆಂಚ. ಬೆಂಗಳೂರಿನ ಪಬ್ಬಿನ ಮುಂದೆ ಇಂಥ ಮನುಷ್ಯ ಬಂದು ನಿಂತರೆ ಅವನು ತಾನೇ ಏನು ಮಾಡಬೇಕು? ನನ್ನ ಹಿಂದೆಯೇ ಒಂದು ಕಾರು ಬಂತು. ಕೂದಲು ಬಾಚಿಸಿಕೊಂಡ ಬಿಳಿ ನಾಯಿಯೊಂದು ಅದರಿಂದಿಳಿದು, ಯಾರನ್ನೂ ಕೇಳದೆ ಒಳಗೆ ಹೋಯಿತು. ನಾನು ಅದರ ಕಡೆ ಬೆರಳು ಮಾಡಿದೆ. "ಅದು ಕಾರಲ್ಲಿ ಬಂದಿರೋದು ಸ್ವಾಮಿ" ಅಂದ. ಇದಕ್ಕೇನು ಉತ್ತರ ಹೇಳುತ್ತೀ?

ಪಬ್ಬು ಅಂದರೇನು ಅಂತ ನೀನು ಕೇಳುತ್ತೀ. ಬಿಯರು ಕುಡಿಯುವ ಜಾಗ. ಸಿಟ್ಟಾಗಬೇಡ, ಪೂರ್ತಿ ಓದು. ಬಳ್ಳಾರಿಯ ಕಾಲೇಜಿನಲ್ಲಿ ನಮಗೊಂದು ಇಂಗ್ಲಿಷ್ ಪಾಠವಿತ್ತು. ಅದರಲ್ಲಿ ಒಂದು ಪಬ್ಲಿಕ್ ಹೌಸ್, ಒಳಗೆ ಬೆಂಕಿಗೂಡು, ಬೆಂಕಿಗೂಡಿನ ಮುಂದೆ ಮಲಗಿದ ನಾಯಿ. ಅದನ್ನು ಯಾರೂ ಎಬ್ಬಿಸುವುದಿಲ್ಲ, ಜನ ದಾಟಿಕೊಂಡು ಹೋಗುತ್ತಾರೆ. ಪಾಠದ ಉಳಿದದ್ದೆಲ್ಲ ಮರೆತಿದೆ, ಆ ನಾಯಿ ಮಾತ್ರ ನೆನಪಿದೆ. ಇಲ್ಲಿ ಹೊಸದಾಗಿ ಪಬ್ಬುಗಳು ಬಂದಿವೆ ಅಂತ ಅಳಿಯ ಅಂದಾಗ, ಪಬ್ಬು ಅಂದಮೇಲೆ ನಾಯಿಯನ್ನು ಬಿಟ್ಟೇ ಬಿಡುತ್ತಾರೆ ಅಂದುಕೊಂಡೆ. ಉಡುಪಿ ಹೋಟೆಲಿನವರು ಮೆಟ್ಟಿಲು ಹತ್ತಗೊಡಲಿಲ್ಲ. ಪಾರ್ಕಿನವನು ಸೀಟಿ ಊದಿದ. ಉಳಿದದ್ದು ಇದೊಂದೇ ದಾರಿಯಾಗಿತ್ತು.

ನಮ್ಮ ಶಾರದಾ ಬಸುರಿ ಅಂತ ಕಾಗದ ಬಂದ ದಿನ ನಾನು ಸಿರುಗುಪ್ಪದಲ್ಲಿದ್ದೆ, ಕಾಲುವೆ ಆಫೀಸಿನಲ್ಲಿ, ಪಿಂಚಣಿ ಕೆಲಸಕ್ಕೆ. ಊರು ಬಿಡುವಾಗ ಅಂಚೆಯವನು ಕೊಟ್ಟದ್ದನ್ನು ಅಲ್ಲೇ ಬೆಂಚಿನ ಮೇಲೆ ಕೂತು ಓದಿದೆ. ಚೊಚ್ಚಲು ಬಾಣಂತನ ತವರಿನಲ್ಲಿ ಆಗಬೇಕು. ಆದರೆ ನೀನಿಲ್ಲದ ಕುರುಗೋಡಿನ ಮನೆಗೆ ಅವಳನ್ನು ಕರೆದು ಏನು ಮಾಡಲಿ? ಅದಕ್ಕೇ ತವರೇ ಹೊರಟು ಅವಳಿದ್ದಲ್ಲಿಗೆ ಬಂತು. ತವರು ಅಂದರೆ ಎಷ್ಟು ಜನ? ನಾನು ಮತ್ತು ಕೆಂಚ. ಬಸ್ಸಿನವನು ಹತ್ತಿಸಲಿಲ್ಲ, ಭತ್ತದ ಲಾರಿಯಲ್ಲಿ ಬಳ್ಳಾರಿಗೆ ಬಂದೆವು. ರೈಲಿನಲ್ಲಿ ಅವನಿಗೆ ಗಾರ್ಡಿನ ಡಬ್ಬಿಯ ಪೆಟ್ಟಿಗೆ. ಗುಂತಕಲ್ಲಿನಲ್ಲಿ ಓಡಿಹೋಗಿ ನೀರು ಕುಡಿಸಿ ಬಂದೆ. ಗಾರ್ಡು ತೆಲುಗಿನವನು, ಇಷ್ಟು ಪ್ರೀತಿ ಹೆಂಡತಿ ಮೇಲೂ ಇರಲಿಕ್ಕಿಲ್ಲ ಅಂತ ನಕ್ಕ. ನಾನೂ ನಕ್ಕೆ. ಅವನಿಗೇನು ಗೊತ್ತು.

ಇವನನ್ನು ಊರಲ್ಲೇ ಯಾರ ಹತ್ತಿರವಾದರೂ ಬಿಟ್ಟು ಬರಬಹುದಿತ್ತಲ್ಲ ಅಂತ ಅಳಿಯ ಮೆಲ್ಲಗೆ ಕೇಳಿದ. ನೀನು ಹೋದ ದಿನಗಳನ್ನು ಅವನು ಕಂಡಿಲ್ಲ. ಮಣ್ಣು ಮುಗಿಸಿ ಬಂದಾಗಿನಿಂದ ಕೆಂಚ ಅನ್ನ ಮುಟ್ಟಲಿಲ್ಲ. ರೊಟ್ಟಿ ಹಾಕಿದೆ, ಹಾಲು ಹಾಕಿದೆ, ಪಕ್ಕದ ಮನೆಯವರು ಬೆಲ್ಲ ಕಲಸಿ ಹಾಕಿದರು. ಮೂಸಿ ನೋಡಿ ಮುಖ ತಿರುಗಿಸಿ ನಿನ್ನ ಮಂಚದ ಕೆಳಗೆ ಹೋಗಿಬಿಡುತ್ತಿದ್ದ. ಕಡೆಗೆ ನಮ್ಮಕ್ಕ, ನಿನ್ನ ಅವ್ವ, ದೇಶನೂರಿನಿಂದ ಬಂದವಳು, ಗೋಡೆಗೆ ಒರಗಿ ಕೂತಲ್ಲಿಂದಲೇ ಕೇಳಿದಳು.

"ಹೇಳಿ ಹಾಕೀಯೇನು?"

ಏನು ಹೇಳಿ, ಅಂದೆ.

"ಲೇ ತಮ್ಮಾ, ಇಷ್ಟು ವರ್ಷ ಆಕಿ ಕೂಡ ಏನ್ ಸಂಸಾರ ಮಾಡಿದ್ಯೋ. ಏಳುಕೋಟಿ ಅನ್ನದ ಹಾಕಿದ್ರ ಅದು ಹೆಂಗ ತಿಂದೀತು?"

ನಿಮ್ಮ ಅಪ್ಪನ ಮನೆಯವರು ಮೈಲಾರಲಿಂಗನ ಒಕ್ಕಲು. ಏಳುಕೋಟಿ ಅಂತ ಅವನ ಹೆಸರು ಹೇಳಿ ಮೊದಲ ತುತ್ತು ನಾಯಿಗೆ, ಆಮೇಲೆ ಮನೆಯವರಿಗೆ. ನಮ್ಮ ಮನೆಗೆ ಬಂದ ಮೇಲೂ ನೀನು ಅದನ್ನು ಬಿಡಲಿಲ್ಲ. ದಿನಾ ನೋಡುತ್ತಿದ್ದೆ, ನೀನು ಕುಕ್ಕರಗಾಲಲ್ಲಿ ಕೂತು ತುತ್ತು ಇಟ್ಟು ತುಟಿಯಲ್ಲೇ ಏನೋ ಅನ್ನುವುದನ್ನು. ಏನು ಅನ್ನುತ್ತೀ ಅಂತ ಒಂದು ದಿನವೂ ಕೇಳಲಿಲ್ಲ. ಅದು ಆಕೆಯ ಮನೆಯ ದೇವರು, ನಮ್ಮದಲ್ಲ, ಅಂತ ಬಂದವರಿಗೆಲ್ಲ ನಗುತ್ತಾ ಹೇಳುವುದಷ್ಟೇ ನನ್ನ ಕೆಲಸವಾಗಿತ್ತು. ಅವತ್ತು ಕದ ಮುಂದೆ ಮಾಡಿಕೊಂಡು, ಕುಕ್ಕರಗಾಲಲ್ಲಿ ಕೂತು, ಏಳುಕೋಟಿ ಅಂದೆ. ನನ್ನ ದನಿ ನನಗೇ ಕೇಳಿಸಿರಲಿಕ್ಕಿಲ್ಲ. ಕೆಂಚ ಮಂಚದ ಕೆಳಗಿನಿಂದ ಬಂದ. ತಿಂದ. ಅವನು ತಿನ್ನುವುದನ್ನು ನೋಡುತ್ತಾ ನಾನು... ಇರಲಿ ಬಿಡು.

ಇಲ್ಲಿ ಶಾರದಾ ಬಾಡಿಗೆಗಿರುವುದು ಮಹಡಿಯ ಮೇಲೆ. ಕೆಳಗೆ ಮನೆಯೊಡತಿ, ವಯಸ್ಸಾದ ಮಡಿಯ ಹೆಂಗಸು. ಕೆಟ್ಟವರಲ್ಲ. ಹೆರಿಗೆಯಾಗಿ ಆಸ್ಪತ್ರೆಯಿಂದ ಬಂದ ದಿನ ಬಾಣಂತಿಗೆ ಅಂತ ಬೆಳ್ಳುಳ್ಳಿ, ಹಳೆಯ ಬೆಲ್ಲ ತಾವೇ ತಂದು ಕೊಟ್ಟರು. ನಾಯಿ ಮಾತ್ರ ಕೂಡದು. ಬೆಳಗ್ಗೆಯಿಂದ ಕೆಂಚನನ್ನು ತಾರಸಿಯ ಮೇಲೆ ನೀರಿನ ಟ್ಯಾಂಕಿನ ಹಿಂದೆ ಕಟ್ಟುತ್ತಿದ್ದೆ. ನಾಲ್ಕು ಗಂಟೆಗೆ ಅವರು ಒಣಗಿದ ಬಟ್ಟೆ ತೆಗೆಯಲು, ಹೂ ಬಿಡಿಸಲು ತಾರಸಿಗೆ ಬರುತ್ತಾರೆ. ದೀಪ ಹಚ್ಚುವ ಹೊತ್ತಿಗೇ ಇಳಿಯುವುದು. ಆ ಹೊತ್ತು ಪೂರ್ತಿ ನಾನೂ ಕೆಂಚನೂ ಬೀದಿಯ ಪಾಲು. ಪೂಜೆಯ ಗಂಟೆ ಕೇಳಿದ ಮೇಲೆ ಹಿಂದಿನ ಮೆಟ್ಟಿಲಿನಿಂದ ಕಳ್ಳರ ಹಾಗೆ ಹತ್ತುವುದು. ಈ ವಯಸ್ಸಿನಲ್ಲಿ ಇದೂ ಒಂದು ಆಯಿತು.

ಪಬ್ಬುಗಳ ಕಥೆ ಕೇಳು. ಒಂದು ಕಡೆ ಮೂರನೇ ಅಂತಸ್ತು. ಲಿಫ್ಟಿನ ಬಾಗಿಲು ಮುಚ್ಚುತ್ತಲೇ ಕೆಂಚ ಊಳಿಟ್ಟ, ಅಲ್ಲಿಂದಲೇ ಇಳಿದು ಬಂದೆವು. ಇನ್ನೊಂದು ಕಡೆ ಬಿಟ್ಟರು. ಹಗಲು ಹೊತ್ತಿನಲ್ಲೇ ಒಳಗೆ ಅಮಾವಾಸ್ಯೆ, ಎದೆಯ ಮೇಲೆ ಒನಕೆ ಕುಟ್ಟಿದ ಹಾಗೆ ಸಂಗೀತ. ಇವನು ನನ್ನ ಧೋತರದೊಳಗೆ ತಲೆ ತೂರಿಸಿಕೊಂಡು ನಡುಗಿದ. ದಂಡಿನ ಕಡೆ, ಕಂಟೋನ್ಮೆಂಟಿನಲ್ಲಿ, ಈ ಹಳೆಯ ಬಂಗಲೆ ಸಿಕ್ಕಿದ್ದು ನಾಲ್ಕನೆಯದಾಗಿ. ಅಂಗಳದಲ್ಲಿ ಮಾವಿನ ಮರ, ಮರದ ಕೆಳಗೆ ಬೆಂಚುಗಳು. ಗಲ್ಲಾದಲ್ಲಿ ಟೊಪ್ಪಿಗೆ ಹಾಕಿಕೊಂಡ ಮುದುಕರೊಬ್ಬರು ಕೂತಿದ್ದರು. ಕಾಲೇಜಿನ ಇಂಗ್ಲಿಷನ್ನೆಲ್ಲ ಕೂಡಿಸಿಕೊಂಡು, "ಸರ್, ಐ ಬೆಗ್ ಟು ಸ್ಟೇಟ್ ದಟ್ ಮೈ ಡಾಗ್ ಈಸ್ ವೆಲ್ ಬಿಹೇವ್ಡ್" ಅಂದೆ. ಆಮೇಲೆ ಏನು ಹೇಳಬೇಕೋ ತೋಚದೆ "ಯುವರ್ಸ್ ಫೇತ್‌ಫುಲಿ" ಅಂತ ಅಂದೇಬಿಟ್ಟೆ. ಮುದುಕರು ಕೆಂಚನನ್ನು ನೋಡಿದರು, ನನ್ನನ್ನು ನೋಡಿದರು, ಮರದ ಕಡೆ ಕೈ ತೋರಿಸಿದರು. ಅವರು ಅವತ್ತು ನಗದೆ ಇದ್ದದ್ದನ್ನು ನಾನು ಮರೆಯುವುದಿಲ್ಲ.

ಕುಡಿದದ್ದು ಏನು ಅಂತ ತಾನೇ? ನಿಂಬೆ ಸೋಡಾ. ಒಂದು ದಿನ ಮಾತ್ರ, ಮೊಮ್ಮಗಳು ಹುಟ್ಟಿದ ದಿನ, ಆ ಮುದುಕರೇ ಒಂದು ಸಣ್ಣ ಗ್ಲಾಸು ಬಿಯರು ತಂದಿಟ್ಟರು. ಬೇವಿನ ಕಷಾಯ. ಇದನ್ನು ಕುಡಿಯಲು ಜನ ಯಾಕೆ ಹೀಗೆ ಕ್ಯೂ ನಿಲ್ಲುತ್ತಾರೋ.

ಮೊದಲ ದಿನ ಸೋಡಾದ ಜೊತೆ ಬೇಯಿಸಿದ ಶೇಂಗಾ ಬಂತು. ನನಗೆ ರೂಢಿಯಾಗಿಬಿಟ್ಟಿದೆ ನೋಡು, ನಾಲ್ಕು ಕಾಳು ಬಿಡಿಸಿ ಕೆಂಚನ ಮುಂದಿಟ್ಟು, ಏಳುಕೋಟಿ ಅಂದು, ಆಮೇಲೆ ಬಾಯಿಗೆ ಹಾಕಿಕೊಂಡೆ. ತಟ್ಟೆ ತಂದವನು ಹೋಗದೆ ಅಲ್ಲೇ ನಿಂತ. ನಡುವಯಸ್ಸಿನವನು, ನಾಗಪ್ಪ ಅಂತ, ಹಡಗಲಿ ಕಡೆಯವನು. ಬೆಂಗಳೂರಿಗೆ ಬಂದ ಮೇಲೆ ಅಷ್ಟು ಸೊಗಸಾಗಿ ನಮ್ಮ ಮಾತು ಕೇಳಿದ್ದು ಅದೇ ಮೊದಲು.

"ನಿಮ್ಮದೂ ಮೈಲಾರ ಒಕ್ಕಲೇನ್ರಿ ಯಜಮಾನ್ರ?"

ಆಕೆಯ ಮನೆಯದು, ನಮ್ಮದಲ್ಲ, ಅನ್ನುವುದು ಬಾಯಿಯ ತುದಿಗೆ ಬಂತು. ಎಷ್ಟು ವರ್ಷ ಹೇಳಿದ ಮಾತು ಅದು. ಆದರೆ ಹೌದು ಅಂದೆ. "ಹೌದಪ್ಪಾ, ನಮ್ಮದೂ ಅದ ಐತಿ." ಹೇಳಿದ ಮೇಲೆ ಎದುರಿಗೆ ನೀನಿದ್ದರೆ ಏನು ಅನ್ನುತ್ತಿದ್ದೆ ಅಂತ ಯೋಚನೆ ಬಂತು. "ಈಗ ಬಂತೇನು ಮಾವ ಬುದ್ಧಿ" ಅನ್ನುತ್ತಿದ್ದೆಯೋ? ಮದುವೆಯಾಗಿ ಮಗಳು ಬೆಳೆದು ನಿಂತ ಮೇಲೂ ನೀನು ನನ್ನನ್ನು ಸೋದರಮಾವನಾಗಿಯೇ ಉಳಿಸಿಕೊಂಡೆಯಲ್ಲ.

ಇವತ್ತು ಬೆಳಗ್ಗೆ ಹಗ್ಗ ಸಡಿಲಾಗಿತ್ತು. ತಾರಸಿಯ ಮೇಲೆ ಮನೆಯೊಡತಿ ಹಳೆಯ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದರು. ಕೆಂಚ ಅದರ ಮೇಲೆ ಆ ತುದಿಯಿಂದ ಈ ತುದಿಯವರೆಗೆ ನಡೆದು, ಮನಸ್ಸು ಬದಲಾಯಿಸಿ ವಾಪಸು ಬಂದಿದ್ದ. ಆ ಹೆಂಗಸು ಕೂಗಾಡಲಿಲ್ಲ. ಮೇಲೆ ಬಂದು ಬಾಗಿಲಲ್ಲೇ ನಿಂತು, ಹಸಿ ಬಾಣಂತಿಯ ಮನೆ ಅಂತ ಸುಮ್ಮನಿದ್ದೇನೆ, ಇವತ್ತು ರಾತ್ರಿ ಆ ನಾಯಿ ಈ ಮನೆಯಲ್ಲಿರಬಾರದು, ಇದ್ದರೆ ನೀವೆಲ್ಲ ಬೇರೆ ಮನೆ ನೋಡಿಕೊಳ್ಳಿ ಅಂದರು. ಅಳಿಯ ತಲೆ ತಗ್ಗಿಸಿ ನಿಂತ. ಹಸುಗೂಸು ಕಟ್ಟಿಕೊಂಡು ಎಲ್ಲಿ ಮನೆ ಹುಡುಕುತ್ತಾನೆ?

ನಾನು ಒಳಗೆ ಹೋಗಿ ಸಬ್ಬಸಗಿ ಪಲ್ಯ, ರೊಟ್ಟಿ ಹಾಕಿ ಶಾರದಾಳ ಮುಂದಿಟ್ಟೆ. ನಾನೂ ಕೆಂಚನೂ ಇವತ್ತಿನ ರೈಲಿಗೇ ಹೋಗಿಬಿಡುತ್ತೇವೆ, ಎಣ್ಣೆ ನೀರು ಹಾಕುವ ಹೆಂಗಸಿಗೇ ಅಡಿಗೆಯನ್ನೂ ಹೇಳಿದರಾಯಿತು ಅಂದೆ. ಇವನನ್ನು ಊರಿಗೆ ಮುಟ್ಟಿಸಿ ಮತ್ತೆ ಬರುತ್ತೇನೆ ಅನ್ನೋಣವೆಂದರೆ, ಅಲ್ಲಿ ಇವನಿಗೆ ಯಾರು ತುತ್ತು ಇಡುತ್ತಾರೆ? ನಮ್ಮಕ್ಕನಿಗೆ ಈಗ ಎದ್ದು ಓಡಾಡಲು ಆಗುವುದಿಲ್ಲ. ಶಾರದಾ ತಟ್ಟೆ ಮುಟ್ಟಲಿಲ್ಲ. ಗೋಡೆಯ ಕಡೆ ತಿರುಗಿದಳು.

"ಅವ್ವ ಇದ್ದಿದ್ರ..." ಅಂದಳು. ಆಮೇಲೆ ಗೋಡೆಗೆ ಮುಖ ಮಾಡಿಕೊಂಡೇ, "ನೀನೂ ಹೋಗಬ್ಯಾಡಪ್ಪ. ಕೆಂಚನ್ನೂ ಬಿಡಬ್ಯಾಡ" ಅಂದಳು.

ನೀನೇ ಹೇಳು, ಎರಡೂ ಹೇಗೆ ಆಗುತ್ತದೆ? ನೀನು ಹೋಗುವ ಮುಂಚೆ ಕೈ ಹಿಡಿದು ಹೇಳಿದ್ದೂ ಇವೆರಡೇ. ಮಗಳ ಬಾಣಂತನ, ಕೆಂಚನ ತುತ್ತು. ಒಂದನ್ನು ಹಿಡಿದರೆ ಇನ್ನೊಂದು ಕೈ ಬಿಡುತ್ತದೆ ಅಂತ ನಿನಗಾದರೂ ಏನು ಗೊತ್ತಿತ್ತು.

ಮಧ್ಯಾಹ್ನವೇ ಕೆಂಚನನ್ನು ಕರೆದುಕೊಂಡು ಇಲ್ಲಿಗೆ, ಈ ಬಂಗಲೆಯ ಮಾವಿನ ಮರದ ಕೆಳಗೆ, ಬಂದುಬಿಟ್ಟೆ. ಇನ್ನೂ ಗಿರಾಕಿಗಳಿರಲಿಲ್ಲ. ನಾಗಪ್ಪ ಬೆಂಚು ಒರೆಸುತ್ತಿದ್ದ. ನನ್ನ ಮುಖ ನೋಡಿ ಏನಾಯಿತು ಅಂತ ಕೇಳಿದ, ಎಲ್ಲ ಹೇಳಿದೆ. ಅವನು ಗಲ್ಲಾದ ಮುದುಕರ ಹತ್ತಿರ ಹೋಗಿ ಏನೋ ಮಾತಾಡಿ ಬಂದ. ರಾತ್ರಿ ಈ ಅಂಗಳದಲ್ಲೇ ತಾನು ಮಲಗುವುದು, ನಾಯಿಯೂ ಇಲ್ಲೇ ಇರಲಿ, ನೀವು ಸಂಜೆ ದಿನಾ ಬನ್ನಿ ಅಂದ. ಅದೆಲ್ಲ ಸರಿ ನಾಗಪ್ಪ, ಇವನು ನನ್ನ ಕೈ ಬಿಟ್ಟು ಬೇರೆ ಯಾರ ಕೈಯಿಂದಲೂ ತಿನ್ನುವುದಿಲ್ಲವಲ್ಲ, ಅಳಿಯ ಇಟ್ಟರೂ ಮೂಸುವುದಿಲ್ಲ ಅಂದೆ.

"ನೋಡೂಣು ತಡೀರಿ" ಅಂದು, ತನ್ನ ಬುತ್ತಿ ಬಿಚ್ಚಿದ. ಅವನೂ ಉಂಡಿರಲಿಲ್ಲ. ರೊಟ್ಟಿ ಮುರಿದ. ಕುಕ್ಕರಗಾಲಲ್ಲಿ ಕೂತ. ನಾನಂತೂ ಗೊಣಗುವ ಹಾಗೆ ಅನ್ನುತ್ತೇನೆ. ಅವನು ಅಂಗಳಕ್ಕೆಲ್ಲ ಕೇಳುವ ಹಾಗೆ "ಏಳುಕೋಟಿಗೋ" ಅಂದು ತುತ್ತು ಇಟ್ಟ.

ಕೆಂಚ ನನ್ನನ್ನು ನೋಡಿದ. ನಾನು ಮುಖ ಆ ಕಡೆ ಮಾಡಿದೆ. ನೋಡಿದರೆ ನನ್ನ ಹತ್ತಿರವೇ ಬಂದುಬಿಡುತ್ತಾನೆ ಅಂತ. ಬೆನ್ನ ಹಿಂದೆ ರೊಟ್ಟಿ ಅಗಿಯುವ ಸದ್ದು ಕೇಳಿತು. ಇನ್ನೊಂದು ತುಂಡು, ಮತ್ತೊಂದು. ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಇಷ್ಟು ದಿನ ನನ್ನೊಬ್ಬನಿಗೇ ಅಂತ ಇದ್ದದ್ದು... ನಿನಗೆ ಅರ್ಥವಾಗುತ್ತದೆ, ಬಿಡು. ನಾಗಪ್ಪ ಮಿಕ್ಕ ರೊಟ್ಟಿ ತಾನು ತಿನ್ನುತ್ತಾ, ನೀವು ನಿಶ್ಚಿಂತಿಯಿಂದ ಮಗಳನ್ನು ನೋಡಿಕೊಳ್ಳಿ ಅಂದ.

ಮೂರು ತಿಂಗಳು ತುಂಬಲಿ. ಇಲ್ಲಿಂದ ಹೊರಡುವಾಗ ಕೆಂಚನನ್ನು ಕರೆದುಕೊಂಡೇ ಹೋಗುತ್ತೇನೆ, ಇದು ನಿನಗೆ ನಾನು ಕೊಡುವ ಮಾತು. ಅಲ್ಲಿಯವರೆಗೆ ಸಂಜೆ ಸಂಜೆ ಬರುತ್ತೇನೆ. ಮಗುವಿನ ಮೂಗು ಯಾರದು ಅಂತ ನಿನ್ನೆ ಅರ್ಧಕ್ಕೆ ಬಿಟ್ಟಿದ್ದೆ, ಅದನ್ನೂ ಬರೆಯಬೇಕಿತ್ತು. ಶಾರದಾ ನಿನ್ನದೇ ಅನ್ನುತ್ತಾಳೆ. ನನಗೇನೋ ನಮ್ಮಕ್ಕನದು ಅಂತ...

ಅಕ್ಷರ ಕಾಣುತ್ತಿಲ್ಲ. ಮರದ ಕೆಳಗೆ ಬೇಗ ಕತ್ತಲಾಗುತ್ತದೆ. ಈಗ ಎದ್ದು ನಿಂತೇ ಬರೆಯುತ್ತಿದ್ದೇನೆ. ಕೆಂಚ ತಲೆ ಎತ್ತಿ ನೋಡಿದ, ಏಳಲಿಲ್ಲ. ಹಗ್ಗ ನನ್ನ ಕೈಯಲ್ಲೇ ಉಳಿದಿತ್ತು. ನಾಗಪ್ಪನ ಕೈಗೆ ಕೊಟ್ಟೆ.