ಹೆಸರು ಕೆತ್ತಿಸಿದ ಲೋಟ

ಚನ್ನರಾಯಪಟ್ಟಣ
೯ ಜುಲೈ ೨೦೨೪, ಮಂಗಳವಾರ

ಪ್ರೀತಿಯ ಪುಟ್ಟತಾಯಿ,

"ಹೆಸರು ಕೇಳದೆ ನೀರು ಕೊಡುವುದೇ ಮನೆ." ಹಾಸ್ಟೆಲಿನಲ್ಲಿದ್ದಾಗ ನೋಟ್‌ಬುಕ್ಕಿನಲ್ಲಿ ನೀನು ಬರೆದಿದ್ದ ಸಾಲು ಹೀಗಿತ್ತೋ, "ಹೆಸರು ಹಿಡಿದು ಕರೆದು ನೀರು ಕೊಡುವುದೇ ಮನೆ" ಎಂದಿತ್ತೋ, ಬೆಳಿಗ್ಗೆಯಿಂದ ನೆನಪಾಗುತ್ತಿಲ್ಲ. ಯಾವುದಾದರೂ ಇರಲಿ, ಅದು ನಿಜವೇ? ನಮ್ಮ ಮನೆಯಲ್ಲಿ ಎರಡೂ ಸುಳ್ಳಾಗಿವೆ. ಇಪ್ಪತ್ತೆರಡು ವರ್ಷದ ಮೇಲೆ ಕಾಗದ ಬರೆಯುವವಳು ಕ್ಷೇಮ ಕೇಳುವುದು ಬಿಟ್ಟು ಕವಿತೆಯ ವಿಮರ್ಶೆಗೆ ಕೂತಿದ್ದಾಳೆ ಎಂದು ಬೈದುಕೋ. ತಡವಾಯಿತು ಎನ್ನುವ ಮಾತು ಇಷ್ಟು ವರ್ಷಕ್ಕೆ ಸಾಲದು. ಫೋನ್ ಮಾಡಬಹುದಿತ್ತು, ನಿನ್ನ ಮೌನ ಕೇಳಿಸಿಕೊಳ್ಳುವ ಧೈರ್ಯ ಬರಲಿಲ್ಲ.

ಕಳೆದ ವಾರ ನಿನಗೆ ಫೋನ್ ಮಾಡಿದ ಹುಡುಗಿ ಹಾನಾ. ಚೆಕ್ ದೇಶದವಳು, ಇಪ್ಪತ್ತೊಂದು ವರ್ಷ. ಅಲ್ಲೇ ಒಂದಿಷ್ಟು ಕನ್ನಡ ಕಲಿತುಕೊಂಡು, ನುಗ್ಗೇಹಳ್ಳಿ ದೇವಸ್ಥಾನದ ಶಿಲ್ಪಗಳ ಮೇಲೆ ಓದಲು ಬಂದಿದ್ದಾಳೆ. ನಮ್ಮ ಯಜಮಾನರ ಕ್ಲಬ್ಬಿನವರ ಏರ್ಪಾಟಿನಂತೆ ಆರು ತಿಂಗಳು ನಮ್ಮ ಮನೆಯಲ್ಲೇ ವಾಸ. ಬಂದು ಮೂರು ವಾರವಾಯಿತು. ಗೌರೀಶರ ಸಡಗರ ನೀನು ನೋಡಬೇಕು. ಈ ಮೂರು ವಾರದಲ್ಲಿ ಅವಳ ಜೊತೆ ತೆಗೆಸಿಕೊಂಡ ಫೋಟೋಗಳು ಮದುವೆಯಾದಂದಿನಿಂದ ನನ್ನ ಜೊತೆ ತೆಗೆಸಿಕೊಂಡದ್ದಕ್ಕಿಂತ ಹೆಚ್ಚು. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಮೊಬೈಲ್ ತೋರಿಸಿ, "ನಮ್ಮನೆ ಮಗ್ಳು ಕಣಯ್ಯ. ಜಾತಿಗೀತಿ, ದೇಶಗೀಶ ಅಂತ ನಮ್ಗೇನಿಲ್ಲ" ಅನ್ನುತ್ತಾರೆ. ಸಿಮೆಂಟು ಮೂಟೆ ಎಣಿಸುತ್ತಲೇ ಇಡೀ ಮನುಷ್ಯಕುಲವನ್ನು ಅಪ್ಪಿಕೊಳ್ಳುವ ಇನ್ನೊಬ್ಬರನ್ನು ನಾನು ಕಂಡಿಲ್ಲ.

ನಮ್ಮತ್ತೆ ಬಸವಲಿಂಗಮ್ಮನವರದು ಇನ್ನೊಂದು ಬಗೆ. "ಆನಾ, ಇಲ್ ಬಾರವ್ವ" ಎಂದು ಬಾಯಿತುಂಬ ಕರೆಯುತ್ತಾರೆ. ಅವಳು ಬಂದ ಎರಡನೇ ದಿನವೇ ನನ್ನನ್ನು ಹಿತ್ತಿಲಿಗೆ ಕರೆದು, "ಅವ್ರ ದೇಸ್ದಲ್ಲಿ ದನ ತಿಂತಾರಂತೆ ಕಣೇ. ಇವಳ್ ತಟ್ಟೆ ಲೋಟ ಬ್ಯಾರೆ ಇರ್ಲಿ. ನೀನು ಓದ್ದೋಳು, ಎಲ್ಲಾ ಬೆರ್ಸಿಬುಟ್ಟೀಯ" ಅಂದರು. ತಾವೇ ಪಾತ್ರೆ ಅಂಗಡಿಗೆ ಹೋಗಿ, ಗುರುತಿಗಿರಲಿ ಎಂದು ಹೆಸರನ್ನೂ ಕೆತ್ತಿಸಿ ತಟ್ಟೆ, ಲೋಟ ತಂದರು. ಅವುಗಳ ಜಾಗ ಅಡುಗೆಮನೆಯಲ್ಲ, ಹಿತ್ತಿಲ ಕಿಟಕಿ.

ಹಾನಾ ಏನು ತಿಳಿದಳು ಗೊತ್ತೆ? ನಮ್ಮ ಹಳೆಯ ಪಾತ್ರೆಗಳ ಮೇಲೆಲ್ಲ ಅತ್ತೆ ಮಾವನ ಹೆಸರು ನೋಡಿದ್ದಳಲ್ಲ, ಹೆಸರು ಕೆತ್ತಿಸಿದರೆಂದರೆ ಮನೆಗೆ ಸೇರಿಸಿಕೊಂಡರು ಎಂದೇ ತಿಳಿದಳು. ಲೋಟ ಹಿಡಿದುಕೊಂಡು ಕಣ್ಣು ತುಂಬಿಕೊಂಡಳು. ಫೋಟೋ ತೆಗೆದು ತಾಯಿಗೆ ಕಳಿಸಿದಳು. ಆ ತಾಯಿ ಈಗ ನಮ್ಮತ್ತೆಗೆಂದು ಶಾಲು ಹೆಣೆಯುತ್ತಿದ್ದಾಳಂತೆ. "ಉಣ್ಣೇದಾ? ಕಳಿಸ್ಲಿ, ಬೆಳಿಗ್ಗೆ ಹೊತ್ತು ಚಳಿ" ಅಂದರು ಅತ್ತೆ. ಶಾಲಿಗೆ ಮೈಲಿಗೆಯಿಲ್ಲ.

ನಾನೇನು ಮಾಡಿದೆ? ಕನ್ನಡ ಎಂ.ಎ., ಎರಡನೇ ರ್‍ಯಾಂಕು. ಅತ್ತೆ ನೋಡುತ್ತಿದ್ದರೆಂದು, ತಾಕದ ಹಾಗೆ ಎತ್ತರದಿಂದ ಆ ಲೋಟಕ್ಕೆ ಕಾಫಿ ಹುಯ್ದೆ.

ಶಾಸನದ ಅಕ್ಷರ ಓದುವುದನ್ನು ಕಲಿಸುವವರು ಬೇಕೆಂದು ಹಾನಾ ಕೇಳಿದಾಗ, ಅರಕಲಗೂಡಿನಲ್ಲಿ ಪಾಠ ಮಾಡುವ ನಿನ್ನ ಹೆಸರು ತಾನಾಗಿ ಬಾಯಿಗೆ ಬಂತು. ಅವಳೇ ನಂಬರು ಹುಡುಕಿ ಮಾತಾಡಿದಳು. ಭಾನುವಾರ ಬರುತ್ತೇನೆ ಅಂದೆಯಂತೆ. ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ನಿನ್ನೆ ಸಂಜೆ ಅವಳು ಪೇಟೆಯಿಂದ ಬಂದು, ಪೇಪರು ಸುತ್ತಿದ ಪೊಟ್ಟಣವೊಂದನ್ನು ನನ್ನ ಕೈಗಿಟ್ಟಳು. "ಆಂಟಿ, ನಿಮ್ಮ ಫ್ರೆಂಡ್ ಮೊದಲ ಸಲ ಬರ್ತಾರೆ. ಅವರೂ ಮನೆ ಜನ ಆಗಬೇಕು, ಅಲ್ವಾ?" ಅಂದಳು. ಬಿಚ್ಚಿದರೆ ಹೊಸ ಲೋಟ. ಮೈಮೇಲೆ ನಿನ್ನ ಹೆಸರು, ಪೂರ್ತಿಯಾಗಿ, ದುಂಡಗೆ.

ಮೊದಲ ಸಲವಲ್ಲ ಎಂದು ನಾನು ಹೇಳಲಿಲ್ಲ. ಅತ್ತೆ ಲೋಟವನ್ನು ತಿರುಗಿಸಿ ನೋಡಿ ನಕ್ಕರು. "ನೋಡೇ, ನಿನ್ಗಿಂತ ಇವಳೇ ವಾಸಿ. ಯೋಳ್ಕೊಡ್ದೇನೇ ಕಲ್ತ್ಬುಟ್ಳು."

ಅದಕ್ಕೇ ಬರೆಯುತ್ತಿದ್ದೇನೆ. ಆ ಲೋಟದ ಅರ್ಥವೇನೆಂದು ನಾಳೆ ಹಾನಾಗೆ ನಾನೇ ಹೇಳುತ್ತೇನೆ. ಆಮೇಲೆ ಅವಳು ಇಲ್ಲಿರುವುದು ಬಿಡುವುದು ಅವಳ ಇಷ್ಟ. ಆದರೆ ನೀನು ಬಂದರೂ ತಿಳಿದು ಬಾ, ಬಾರದಿದ್ದರೂ ತಿಳಿದೇ ಬಾರದಿರು. ನೀನು, ಮಕ್ಕಳು ಚೆನ್ನಾಗಿರಿ. ನಿನ್ನ ಪಾಠ ಕೇಳುವ ಹುಡುಗಿಯರಿಗೆ ನನಗಿಲ್ಲದ ಬಾಯಿ ಬರಲಿ.

ನಿನ್ನ
ಸರ್ವಮಂಗಳ

ತಾ.ಕ.: ಇದು ಮರೆತದ್ದಲ್ಲ, ಬರೆಯಲಾಗದೆ ಕೊನೆಗೆ ಉಳಿಸಿಕೊಂಡದ್ದು. ನನ್ನ ಮದುವೆಯ ಮರುವರ್ಷ ನೀನು ಬಂದಾಗ ಅತ್ತೆ ನಿನಗೆ ಜಗುಲಿಯಲ್ಲೇ ನೀರು ಕೊಟ್ಟರು. ನೀನು ಹೊರಟ ಮೇಲೆ ಆ ಲೋಟವನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಗ್ಯಾಸಿನ ಉರಿಗೆ ಹಿಡಿದವರು ಅತ್ತೆಯಲ್ಲ, ನಾನು. ಯಾರೂ ಹೇಳಿರಲಿಲ್ಲ. ಮರೆತ ಛತ್ರಿಗೆಂದು ನೀನು ವಾಪಸು ಬಂದು ಬಾಗಿಲಲ್ಲಿ ನಿಂತದ್ದು ನನಗೆ ಗೊತ್ತಾಗಿತ್ತು. ನಾನು ತಲೆ ಎತ್ತಲಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ಪಕ್ಕದ ಮನೆ ಈಶ್ವರಯ್ಯನವರ ಹೆಂಡತಿ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು. ಬಾಗಿಲಲ್ಲೇ ನಿಂತು, ಮೇಜಿನ ಮೇಲಿದ್ದ ಲೋಟದ ಮೇಲಿನ ನಿನ್ನ ಹೆಸರನ್ನು ಓದಿಕೊಂಡು ಅಂದರು: "ಕೆಲ್ಸಕ್ಕೆ ಒಸಬ್ಳು ಸಿಕ್ಕಿದ್ಲಾ ಮಂಗಳಕ್ಕ? ಲೋಟಕ್ಕೆ ಎಸ್ರು ಆಕ್ಸಿದ್ದು ಒಳ್ಳೇದಾಯ್ತು ಬುಡಿ."