ಸೊಸೆಯ ಲೇತ್ ಪರೀಕ್ಷೆ

ಮಾರ್ಚ್ ೧೪, ಗುರುವಾರ

ಮಗ ತೀರಿಕೊಂಡು ಮೂರು ತಿಂಗಳಾದ ಮೇಲೂ ನಮ್ಮನ್ನು ಮರೆಯದೆ ಇಂದು ಮನೆಗೆ ಬಂದು ಸೇರಿದ ಬಂಧುಗಳಿಗೆ ನಾನು ಕೃತಜ್ಞ. ಅವರ ಅನುಕಂಪವನ್ನು ಮಾತ್ರ ಸ್ವೀಕರಿಸಲಾರೆ. ಸರ್ಕಾರಿ ಕಾರ್ಖಾನೆ ಖಾಸಗಿಯವರ ಕೈಸೇರಿದಾಗ, "ಗಂಡ ದುಡೀತಾನಲ್ಲ" ಎಂದು ಮೊದಲು ಹೆಂಗಸರನ್ನೇ ಹೊರಗೆ ಕಳುಹಿಸಿದರು, ನನ್ನ ಸೊಸೆಯನ್ನೂ. ಇಂದು ಅದೇ ಕಾರ್ಖಾನೆಯಲ್ಲಿ, ಲೋಹ ಕಡೆಯುವ ಲೇತ್ ಯಂತ್ರದ ಪರೀಕ್ಷೆಯಲ್ಲಿ ಅವಳು ಆರು ಗಂಡಸರನ್ನು ಹಿಂದಿಕ್ಕಿ ಕೆಲಸ ಗೆದ್ದಳು! ಅವಳು ಕಡೆದ ಉಕ್ಕಿನ ದಂಡವನ್ನು ಫೋರ್‌ಮನ್ ನಂಬಲಾರದೆ ಮೈಕ್ರೋಮೀಟರ್ ಹಿಡಿದು ಮೂರು ಸಲ ಅಳೆದನಂತೆ.

"ಮೈಕ್ರೋಮೀಟರಿಗೇ ಸುಸ್ತಾಯ್ತು, ಮಾವ" ಎಂದು ನಕ್ಕಳು. ಎಷ್ಟು ದಿನಗಳ ಮೇಲೆ ಕೇಳಿದ ನಗು!

"ಮಗೂನ ಯಾರು ನೋಡ್ಕೋತಾರೆ? ಕೆಲಸ ಬೇಡ ಅನ್ನಿ, ಭಾವ" ಎಂದಳು ನಾದಿನಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸೋಲರಿಯದ ನಾನು ವಾದಿಸಲೇ ಇಲ್ಲ. ಯಾರನ್ನೂ ಕೇಳದೆ ತೀರ್ಮಾನಿಸಿದ್ದೇನೆ: ಸೋಮವಾರದಿಂದ ಸೊಸೆ ಕಾರ್ಖಾನೆಗೆ, ಒಲೆ, ಬಟ್ಟೆ, ಮೊಮ್ಮಗಳ ಎರಡು ಜಡೆ ನನಗೆ.